ದರ ವಿಚಾರಣೆಯಲ್ಲಿ ಹೆಸರು ಬರೆಯುತ್ತಾರೆ, ದಿಲ್ಲಿಯಲ್ಲಿ ಯಾಕಿಲ್ಲ?

ಮೈಸೂರು ಭಾಗಕ್ಕೆ ವಿದ್ಯುತ್ ಪೂರೈಸುವ ಸೆಸ್ಕ್ ಕರೆಂಟ್ ದರ ಏರಿಸಬೇಕೆಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಮುಂದೆ ಅರ್ಜಿ ಹಾಕಬೇಕು. ಮಂಡ್ಯದ ಪಂಪ್‌ಸೆಟ್ ರೈತರಾಗಲಿ, ಮೈಸೂರಿನ ಕಾರ್ಖಾನೆಯವರಾಗಲಿ ಆಕ್ಷೇಪಣೆ ಕೊಟ್ಟರೆ, ಯಾರು ಏನು ಕೇಳಿದರು, ಸೆಸ್ಕ್ ಏನು ಉತ್ತರ ಕೊಟ್ಟಿತು, ಆಯೋಗ ಏನು ಹೇಳಿತು ಎಲ್ಲವೂ ದರ ಆದೇಶದಲ್ಲಿ ಅಚ್ಚಾಗುತ್ತದೆ.

ಹವಾಮಾನಕ್ಕೆ ಸಂಬಂಧಿಸಿದ ನಿಯಮ ದಿಲ್ಲಿಯಲ್ಲಿ ತಯಾರಾಗುವಾಗ ಯಾವ ಕಂಪನಿ ಯಾವ ಸಾಲು ತೆಗೆಸಿತು ಎನ್ನುವುದಕ್ಕೆ ಇಂಥ ದಾಖಲೆ ಸಿಗುವುದಿಲ್ಲ. ಲಾಬಿ ಮಾಡುವವರು ನೋಂದಾಯಿಸಿಕೊಳ್ಳಬೇಕು ಎಂಬ ಕಾನೂನೇ ನಮ್ಮಲ್ಲಿಲ್ಲ.

ಇರುವುದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ ವರದಿ, ಅಂದರೆ ಪರಿಸರ, ಸಾಮಾಜಿಕ ಹೊಣೆಗಾರಿಕೆ ಬಗ್ಗೆ ಕಂಪನಿ ಕೊಡುವ ಲೆಕ್ಕ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ 2022–23ರಿಂದ ಕಡ್ಡಾಯ. ನಿಮ್ಮ ಡಿಮ್ಯಾಟ್ ಖಾತೆಯಲ್ಲಿರುವ ಯಾವುದಾದರೂ ದೊಡ್ಡ ಕಂಪನಿಯ ವಾರ್ಷಿಕ ವರದಿ ತೆಗೆದು, ಅದರಲ್ಲಿರುವ ಬಿಆರ್‌ಎಸ್‌ಆರ್‌ನ ಸಿ ವಿಭಾಗಕ್ಕೆ ಹೋಗಿ. ಅಲ್ಲಿ ಪ್ರಶ್ನೆಗಳನ್ನು ‘ತತ್ವ’ಗಳಾಗಿ ವಿಂಗಡಿಸಿದ್ದಾರೆ. 6ನೇ ತತ್ವದಲ್ಲಿ ಇಂಗಾಲದ ಲೆಕ್ಕ, 7ನೇ ತತ್ವದಲ್ಲಿ ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವ ವಿಷಯ. ಕಂಪನಿ ಎಷ್ಟು ಉದ್ಯಮ ಸಂಘಗಳ ಸದಸ್ಯ, ಅವುಗಳಲ್ಲಿ ದೊಡ್ಡ 10 ಯಾವುವು ಎಂದು ಹೇಳಲೇಬೇಕು. ಆದರೆ ಯಾವ ನೀತಿಗಾಗಿ ಒತ್ತಾಯಿಸಿದಿರಿ, ಯಾವ ದಾರಿಯಲ್ಲಿ, ಅದು ಸಾರ್ವಜನಿಕವಾಗಿ ಲಭ್ಯವೇ, ಆಡಳಿತ ಮಂಡಳಿ ಎಷ್ಟು ಸಲ ಪರಿಶೀಲಿಸಿತು ಎಂಬ ಮುಖ್ಯ ಪ್ರಶ್ನೆಗಳು ‘ಲೀಡರ್‌ಶಿಪ್’ ಭಾಗದಲ್ಲಿವೆ. ಆ ಭಾಗ ಐಚ್ಛಿಕ. ಖಾಲಿ ಬಿಟ್ಟರೂ ನಿಯಮ ಮುರಿದಂತಾಗುವುದಿಲ್ಲ. ನನ್ನ ಪ್ರಕಾರ ಇಡೀ ವರದಿಯ ದೊಡ್ಡ ತೂತು ಇದೇ.

ಸಂಘದ ಹೆಸರು ಗೊತ್ತಾದರೆ ಸಾಲದು. ನೆಟ್ ಝೀರೋ, ಅಂದರೆ ನಮ್ಮ ನಿವ್ವಳ ಇಂಗಾಲ ಸೊನ್ನೆಗೆ ಇಳಿಸುತ್ತೇವೆ ಎಂದು ಕಂಪನಿ ಜಾಹೀರಾತು ಕೊಡುತ್ತಿರುವಾಗಲೇ, ಅದರ ಸಂಘ ನಿಯಮದ ಗಡುವು ಮುಂದೂಡಿ ಎಂದು ಸರ್ಕಾರಕ್ಕೆ ಪತ್ರ ಬರೆಯಬಹುದು. ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲಕ್ಕೆ ಮಿತಿ ಹಾಕುವ ಕೆಫೆ–3 ಮಾನದಂಡದ ವಿಷಯ ನೋಡಿ. ಚಿಕ್ಕ ಕಾರಿಗೆ ರಿಯಾಯಿತಿ ಬೇಕೋ ಬೇಡವೋ ಎಂದು ಕಂಪನಿಗಳೇ ಎರಡು ಪಾಳಯವಾದ್ದರಿಂದ ಅದು ಪತ್ರಿಕೆಗೆ ಬಂತು. ಎಲ್ಲರೂ ಒಂದೇ ಮಾತು ಹೇಳಿದ್ದರೆ ನಮ್ಮ ಕಿವಿಗೆ ಬೀಳುತ್ತಿತ್ತೇ?

ಸೆಬಿ ಆ ಪ್ರಶ್ನೆಗಳನ್ನು ಕಡ್ಡಾಯ ಮಾಡಬೇಕು. ಸಂಘ ಸರ್ಕಾರಕ್ಕೆ ಬರೆದ ಪತ್ರ ಕಂಪನಿಯ ಘೋಷಿತ ಗುರಿಗೆ ವಿರುದ್ಧವಾಗಿದೆಯೇ ಎಂಬ ಅಂಕಣವನ್ನೂ ಸೇರಿಸಬೇಕು.

ಅಲ್ಲಿಯವರೆಗೆ ಆರ್‌ಟಿಐ ಇದೆ. ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಲಾಬಿ ಬಗ್ಗೆ ಮಾಹಿತಿ ಕೊಡಿ’ ಎಂದು ಬರೆದರೆ ಅಸ್ಪಷ್ಟ ಎಂದು ವಾಪಸ್ ಬರುತ್ತದೆ. ಕರಡು ನಿಯಮದ ಹೆಸರು, ದಿನಾಂಕ ಬರೆದು, ಅದಕ್ಕೆ ಕಂಪನಿಗಳು ಮತ್ತು ಉದ್ಯಮ ಸಂಘಗಳು ಕೊಟ್ಟ ಲಿಖಿತ ಸಲಹೆಗಳ ಪ್ರತಿ, ಆ ಬಗ್ಗೆ ನಡೆದ ಸಭೆಗಳ ನಡಾವಳಿ ಕೇಳಿ. ಮುಖ್ಯ ನೀತಿ ರೂಪಿಸುವಾಗ ಸಂಬಂಧಿಸಿದ ಸಂಗತಿಗಳನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು ಎನ್ನುವ 4(1)(ಸಿ) ಕಲಮನ್ನೂ ನಮೂದಿಸಿ. ವಾಣಿಜ್ಯ ಗೌಪ್ಯತೆ ಎಂದು 8(1)(ಡಿ) ತೋರಿಸಿ ತಿರಸ್ಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬೇಕೆಂದು ಅದೇ ಕಲಮಿನಲ್ಲೇ ಇದೆ. ಆ ಸಾಲನ್ನು ಇದ್ದಂತೆಯೇ ಬರೆದು ಹಾಕಿ.