ಒಂದು ಗುಟುಕು ಕುಡಿದು ಚೆಲ್ಲುವವರು

ಕಳೆದ ಭಾನುವಾರ ಸಂಜೆ ಸೋಫಾದಲ್ಲಿ ಕೂತಿದ್ದವನು "ಅಯ್ಯಯ್ಯೋ" ಎಂದು ಕೂಗಿಬಿಟ್ಟೆ. ಅಡುಗೆಮನೆಯಿಂದ ಇವಳು ಸೌಟು ಹಿಡಿದೇ ಓಡಿಬಂದಳು.

"ಏನಾಯ್ತು ರೀ? ಯಾರು ಹೋದರು?"

"ಯಾರೂ ಹೋಗಿಲ್ಲ. ಕಾಫಿ ಚೆಲ್ಲಿಬಿಟ್ಟ."

ಇವಳು ನೆಲ ನೋಡಿದಳು. ಸೋಫಾ ನೋಡಿದಳು. ನನ್ನ ಪಂಚೆ ನೋಡಿದಳು. ನಾನು ಟಿವಿ ತೋರಿಸಿದೆ. ಅಲ್ಲಿ ಅಮೆರಿಕದ ಸೈನ್ಯದ ಒಬ್ಬ ಕ್ಯಾಪ್ಟನ್ ಲೋಟ ಕೊಡವಿ ಜೀಪು ಹತ್ತುತ್ತಿದ್ದ. ಅವನ ಹಿಂದೆ ಕಡಿಮೆಯೆಂದರೂ ನಲವತ್ತು ಜನ ಸತ್ತು ಬಿದ್ದಿದ್ದರು. ಅವರಿಗೆ ನಾನು ಕೂಗಿರಲಿಲ್ಲ.

ನೀವೂ ಗಮನಿಸಿ ನೋಡಿ. ಈ ಹಾಲಿವುಡ್ ಯುದ್ಧದ ಸಿನಿಮಾಗಳಲ್ಲಿ ಯಾರೂ ಕಾಫಿ ಪೂರ್ತಿ ಕುಡಿಯುವುದಿಲ್ಲ. ಚಳಿ ಇರುತ್ತದೆ, ಮಂಜು ಇರುತ್ತದೆ, ಲೋಟದಲ್ಲಿ ಹಬೆಯಾಡುತ್ತಿರುತ್ತದೆ. ಒಂದು ಗುಟುಕು ಕುಡಿಯುತ್ತಾನೆ. ದೂರಕ್ಕೆ ನೋಡುತ್ತಾನೆ. "ಹೊರಡೋಣ" ಎನ್ನುತ್ತಾನೆ. ಉಳಿದದ್ದು ಮಣ್ಣಿಗೆ. ಹೊರಡಪ್ಪ, ಯಾರು ಬೇಡ ಅಂದರು? ಜರ್ಮನರು ಇನ್ನೆರಡು ಗುಟುಕು ಕಾಯುತ್ತಿರಲಿಲ್ಲವೇ? ಇದರ ಹಿಂದೆ ಏನೋ ದೊಡ್ಡ ಅರ್ಥ ಇದೆ ಎಂದು ನನಗೆ ಬಹಳ ದಿನದಿಂದ ಗುಮಾನಿ. ಅದಕ್ಕೆ ಆಮೇಲೆ ಬರುತ್ತೇನೆ.

ಪಕ್ಕದಲ್ಲೇ ಕೂತಿದ್ದ ನಮ್ಮ ಭಾವನವರು ಮಾತ್ರ ಅಲುಗಾಡಲಿಲ್ಲ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಅವರು ಪೂರ್ತಿಯಾಗಿ ಯುದ್ಧಕ್ಕೆ ಇಳಿದಿದ್ದಾರೆ. ಟ್ಯಾಂಕು ಕಂಡರೆ ಸಾಕು, ಅದರ ಜಾತಕ ಹೇಳುತ್ತಾರೆ. ಎರಡನೇ ಮಹಾಯುದ್ಧದ ಸಿನಿಮಾ ಸೇವಿಂಗ್ ಪ್ರೈವೇಟ್ ರಯಾನ್‌ನಲ್ಲಿ ಬರುವ ಜರ್ಮನ್ ಟೈಗರ್ ಟ್ಯಾಂಕು ನಿಜವಾದ ಟೈಗರ್ ಅಲ್ಲವಂತೆ. ರಷ್ಯಾದ ಟಿ-34 ಟ್ಯಾಂಕಿಗೆ ವೇಷ ಹಾಕಿಸಿದ್ದಂತೆ. ಅದರಲ್ಲಿ ಅಮೆರಿಕದ ಸೈನ್ಯ ಬಂದಿಳಿಯುವ ಒಮಾಹಾ ಬೀಚ್ ಕೂಡ ಫ್ರಾನ್ಸಿನದಲ್ಲ, ಐರ್ಲೆಂಡಿನದು. ಭಾವ ಚಕ್ರ ಎಣಿಸಿ ಟ್ಯಾಂಕಿನ ಸುಳ್ಳು ಹಿಡಿದರೆ ಅದು ಜ್ಞಾನ. ನಾನು ಕಾಫಿಗೆ ಅಯ್ಯೋ ಅಂದರೆ ತಲೆ ಕೆಟ್ಟಿದೆ. ಇರಲಿ.

"ಅದು ಟೆನ್ಷನ್ ತೋರಿಸೋಕೆ ಕಣಯ್ಯ," ಎಂದರು ಭಾವ. "ಕುಡಿಯೋ ಮನಸ್ಸಿಲ್ಲ ಅಂತ."

ಕುಡಿಯುವ ಮನಸ್ಸಿಲ್ಲದವನು ಸುಮ್ನೆ ಪಕ್ಕದವನಿಗೆ ಕೊಡಬಹುದಿತ್ತು. ಪಕ್ಕದಲ್ಲೇ ಹೆಲ್ಮೆಟ್ ಹಾಕಿಕೊಂಡು ಒಬ್ಬ ಪಾಪದ ಹುಡುಗ ನಿಂತಿದ್ದ. ಮುಂದಿನ ಸೀನಿನಲ್ಲಿ ಸತ್ತೇಹೋದ. ಕಾಫಿಯನ್ನಾದರೂ ಕುಡಿದು ಸಾಯುತ್ತಿದ್ದ.

ನನ್ನ ಸಂಕಟಕ್ಕೆ ಕಾರಣ ನಮ್ಮಜ್ಜಿ. ಅವಳದು ಬಾಳೆಹೊನ್ನೂರಿನ ಹತ್ತಿರದ ಮನೆ. ಕಿಟಕಿ ತೆಗೆದರೆ ಕಾಫಿ ಗಿಡ. ಆದರೂ ಕಾಫಿಪುಡಿಯ ಡಬ್ಬಿ ಅವಳ ಕೋಣೆಯಲ್ಲಿ, ಬೀಗದೊಳಗೆ. ಬೆಳೆದದ್ದೆಲ್ಲ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಮಾಡಿ ಮಾರುತ್ತಿದ್ದ ಕಾಫಿ ಬೋರ್ಡಿಗೆ, ಹೋಗುತ್ತಿದ್ದ ಕಾಲ ಅದು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿ, ನಮ್ಮ ಕಾಫಿ ಕೇಳುವವರಿಲ್ಲದಾಗ ಶುರುವಾದ ಪದ್ಧತಿ. ಯುದ್ಧ 1945ಕ್ಕೆ ಮುಗಿಯಿತು. ಪೂಲ್ ಮುಗಿಯಲು 90ರ ದಶಕ ಬರಬೇಕಾಯಿತು. ಮನೆ ಖರ್ಚಿಗೆಂದು ಉಳಿಸಿಕೊಂಡದ್ದನ್ನು ಅಜ್ಜಿ ಹುರಿದು, ಪುಡಿ ಮಾಡಿ, ಚಮಚ ಲೆಕ್ಕದಲ್ಲಿ ಕೊಡುತ್ತಿದ್ದಳು. ಮೊದಲ ಡಿಕಾಕ್ಷನ್ ನೆಂಟರಿಗೆ. ಎರಡನೆಯದು ಮನೆಯವರಿಗೆ. ಮೂರನೆಯದಕ್ಕೆ ಹೆಸರಿರಲಿಲ್ಲ, ಅದು ಮಕ್ಕಳಿಗೆ. ಲೋಟದಲ್ಲಿ ಒಂದು ಗುಟುಕು ಬಿಟ್ಟರೆ ಅವಳು ಬಯ್ಯುತ್ತಿರಲಿಲ್ಲ. ಲೋಟವನ್ನೂ ನಮ್ಮನ್ನೂ ಒಂದೊಂದು ಸಲ ನೋಡುತ್ತಿದ್ದಳು, ಅಷ್ಟೇ.

ಅಂಥವಳ ಮೊಮ್ಮಗ ನಾನು. ಈ ಕ್ಯಾಪ್ಟನ್‌ನನ್ನು ಹೇಗೆ ಸಹಿಸಲಿ?

ಅವನ ಊರಲ್ಲಾದರೂ ಕಾಫಿ ಹೊಳೆಯಾಗಿ ಹರಿಯುತ್ತಿತ್ತೇ ಎಂದರೆ ಅದೂ ಇಲ್ಲ. 1942ರ ನವೆಂಬರ್‌ನಿಂದ 1943ರ ಜುಲೈವರೆಗೆ ಅಮೆರಿಕದಲ್ಲಿ ಕಾಫಿಗೆ ರೇಷನ್. ಹದಿನೈದು ದಾಟಿದ ಒಬ್ಬೊಬ್ಬರಿಗೆ ಐದು ವಾರಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೆಜಿಗೂ ಕಡಿಮೆ. ಅಲ್ಲಿ ಅವನ ತಾಯಿ ಹಾಕಿದ ಪುಡಿಗೇ ಮತ್ತೆ ನೀರು ಹೊಯ್ಯುತ್ತಿದ್ದಾಳೆ. ಇಲ್ಲಿ ಇವನು ಕೊಡವುತ್ತಿದ್ದಾನೆ.

ನಿಜವಾದ ಸೈನಿಕರು ಹೀಗಿರಲಿಲ್ಲ ಎಂದು ನನಗೆ ಖಾತ್ರಿಯಿದೆ. ಈಗ ಆಂಟೀಟಮ್ ವಿಷಯ ಹೇಳಲೇಬೇಕು. ಭಾವ ಇದನ್ನು ಮೂರು ಸಲ ಕೇಳಿದ್ದಾರೆ, ಆದ್ದರಿಂದ ನಿಮಗೆ ಹೇಳುತ್ತೇನೆ. 1862ರ ಸೆಪ್ಟೆಂಬರ್ 17. ಅಮೆರಿಕದ ಅಂತರ್ಯುದ್ಧ. ಮೇರಿಲ್ಯಾಂಡಿನ ಆಂಟೀಟಮ್ ಹಳ್ಳದ ದಂಡೆಯಲ್ಲಿ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000 ಜನ. ಅಲ್ಲಿ ಓಹಾಯೋದ 23ನೇ ರೆಜಿಮೆಂಟಿನ ಉಗ್ರಾಣ ನೋಡಿಕೊಳ್ಳುವ ಸಾರ್ಜೆಂಟ್ ಒಬ್ಬನಿದ್ದ. ಹತ್ತೊಂಬತ್ತು ವರ್ಷದ ಹುಡುಗ. ನಮ್ಮ ಕಡೆ ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಇಟ್ಟುಕೊಂಡು ಓಡಾಡುತ್ತಾರಲ್ಲ, ಅಂಥವನು. ಅವನ ಜಾಗ ಹಿಂದೆ, ಗುಂಡು ಬಾರದ ಕಡೆ. ಮುಂದೆ ಕಾದಾಡುತ್ತಿದ್ದವರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಕುಡಿದಿಲ್ಲ ಎಂದು ಇವನಿಗೆ ಹೊಟ್ಟೆ ಉರಿಯಿತು. ಗಾಡಿಗೆ ಬಿಸಿ ಕಾಫಿಯನ್ನೂ ಊಟವನ್ನೂ ಹೇರಿಕೊಂಡು, ಗುಂಡಿನ ಮಳೆಯ ನಡುವೆ ಹೊಡೆದುಕೊಂಡು ಹೋದ. ಎಲ್ಲರಿಗೂ ಬಡಿಸಿದ.

ಹುಡುಗನ ಹೆಸರು ವಿಲಿಯಂ ಮೆಕಿನ್ಲಿ. ಆಮೇಲೆ ಅಮೆರಿಕದ ಅಧ್ಯಕ್ಷನಾದ. ಬೇರೆ ಅಧ್ಯಕ್ಷರನ್ನು ಕುದುರೆ ಮೇಲೆ ಕೂರಿಸಿ, ಕೈಗೆ ಕತ್ತಿ ಕೊಟ್ಟು ನಿಲ್ಲಿಸುತ್ತಾರೆ. ಇವನಿಗೆ 1903ರಲ್ಲಿ ಆಂಟೀಟಮ್‌ನಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಕೆತ್ತಿರುವುದು ಕಾಫಿ ಕೊಡುತ್ತಿರುವ ದೃಶ್ಯ. ಕಲ್ಲಿನ ಸ್ಮಾರಕ ಸ್ವಾಮಿ, ಕಾಫಿ ಬಡಿಸಿದ್ದಕ್ಕೆ! ಅವನು ಮುಂದೆ ಅಧ್ಯಕ್ಷನಾಗಿ ಮಾಡಿದ ಯುದ್ಧ, ಫಿಲಿಪ್ಪೀನ್ಸ್ ನುಂಗಿದ್ದು, ಇವನ್ನೆಲ್ಲ ನಾನು ಒಪ್ಪುವುದಿಲ್ಲ. ಆದರೆ ಆ ಒಂದು ಗಾಡಿ ಕಾಫಿಗೆ ಕೈ ಮುಗಿಯುತ್ತೇನೆ. ಅಂದು ಅಲ್ಲಿ ಯಾರಾದರೂ ಒಂದು ಗುಟುಕು ಕುಡಿದು ಉಳಿದದ್ದನ್ನು ಚೆಲ್ಲಿದ್ದರೆ ಮೆಕಿನ್ಲಿಯೇ ಅವನನ್ನು ಹೊಡೆಯುತ್ತಿದ್ದ.

ಅದೇ ಯುದ್ಧದಲ್ಲಿ ಮೆಕಿನ್ಲಿಯ ಎದುರಾಳಿಗಳಾದ ದಕ್ಷಿಣದ ರಾಜ್ಯಗಳವರಿಗೆ ಕಾಫಿಯೇ ಸಿಗುತ್ತಿರಲಿಲ್ಲ. ಚಿಕೋರಿ ಹುರಿದು ಕುಡಿದರು. ಕಡಲೆಕಾಯಿ ಹುರಿದು ಕುಡಿದರು. ಮಧ್ಯೆ ಗುಂಡು ನಿಂತಾಗ ತಂಬಾಕು ಕೊಟ್ಟು ಶತ್ರುಗಳಿಂದ ಕಾಫಿ ಇಸಿದುಕೊಂಡರು. ಬೆಂಗಳೂರಿನ ಕೆಲವು ಹೋಟೆಲುಗಳಲ್ಲಿ ಚಿಕೋರಿಯನ್ನೇ ಕಾಫಿ ಎಂದು ಕೊಡುವುದನ್ನು ನೋಡಿದರೆ, ಇಲ್ಲಿನ್ನೂ ಆ ಯುದ್ಧ ಮುಗಿದಂತಿಲ್ಲ.

ವಿಯೆಟ್ನಾಂ ಯುದ್ಧದ ಸಿನಿಮಾಗಳಿಗೆ ಬಂದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಅಲ್ಲಿ ಸೈನಿಕರಿಗೆ ಸಿಕ್ಕುತ್ತಿದ್ದುದು ಪೊಟ್ಟಣದ ಇನ್‌ಸ್ಟಂಟ್ ಪುಡಿ. ಖಾಲಿ ತಗಡಿನ ಡಬ್ಬಿಗೆ ತೂತು ಕೊರೆದು ಒಲೆ ಮಾಡುತ್ತಿದ್ದರು. ಅದರಲ್ಲಿ ಸಿ-4 ಸ್ಫೋಟಕದ ಒಂದು ಚೂರು ಉರಿಸಿ ನೀರು ಕಾಯಿಸುತ್ತಿದ್ದರು. ಸಿ-4 ಸುಮ್ನೆ ಬೆಂಕಿ ಹಚ್ಚಿದರೆ ಸಿಡಿಯುವುದಿಲ್ಲವಂತೆ. ಸೇತುವೆ ಹಾರಿಸುವ ಸಾಮಾನಿನಲ್ಲಿ ಕಾಫಿ! ಇಷ್ಟೆಲ್ಲ ಪಾಡು ಪಟ್ಟದ್ದು ಎಲ್ಲಿ? ಕಾಫಿ ಬೆಳೆಯುವ ದೇಶದಲ್ಲಿ. ಫ್ರೆಂಚರು ತಂದು ನೆಟ್ಟ ಗಿಡಗಳು ಆ ಬೆಟ್ಟಗಳಲ್ಲೇ ಇದ್ದವು. ಇವತ್ತು ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಜಾಸ್ತಿ ಕಾಫಿ ಬೆಳೆಯುವುದು ವಿಯೆಟ್ನಾಂ. ಅವರದ್ದೂ ಫಿಲ್ಟರ್ ಕಾಫಿಯೇ. 'ಫಿನ್' ಎಂದು ಒಂದು ಪುಟ್ಟ ತಗಡಿನ ಫಿಲ್ಟರ್, ನಮ್ಮದರ ತಮ್ಮನ ಹಾಗೆ.

ನಾನು ನೋಡಿದ ಒಂದು ಹಾಲಿವುಡ್ ಸಿನಿಮಾದಲ್ಲೂ ಆ ಫಿಲ್ಟರ್ ಕಂಡಿಲ್ಲ. ನಿರ್ದೇಶಕ ಕೂಬ್ರಿಕ್ ಸಾಹೇಬರು 1987ರ ಫುಲ್ ಮೆಟಲ್ ಜಾಕೆಟ್‌ಗಾಗಿ ಲಂಡನ್ನಿನ ಹಳೇ ಗ್ಯಾಸ್ ಕಾರ್ಖಾನೆಯೊಂದನ್ನು ವಿಯೆಟ್ನಾಂ ಮಾಡಿದರು. ಸ್ಪೇನಿನಿಂದ ಮರಗಳನ್ನು ಹಡಗಿನಲ್ಲಿ ತರಿಸಿದರು. ಕೊಪೊಲಾ 1979ರ ಅಪಾಕಲಿಪ್ಸ್ ನೌ ತೆಗೆಯಲು ಫಿಲಿಪ್ಪೀನ್ಸ್ ಸೈನ್ಯದಿಂದ ಹೆಲಿಕಾಪ್ಟರ್ ಬಾಡಿಗೆಗೆ ತಂದರು. ಶೂಟಿಂಗ್ ನಡುವೆ ಅವು ನಿಜವಾದ ಬಂಡಾಯಗಾರರ ಮೇಲೆ ಹೋಗಿಬಿಡುತ್ತಿದ್ದವು. ಮರ ಬಂತು, ಹೆಲಿಕಾಪ್ಟರ್ ಬಂತು. ಅಂಗೈಯಗಲದ ಫಿಲ್ಟರ್ ಮಾತ್ರ ಬರಲಿಲ್ಲ. ಆ ಸಿನಿಮಾದಲ್ಲಿ ಬೆಳಿಗ್ಗೆ ಎದ್ದರೆ ನಾಪಾಮ್ ಎಂಬ ಬೆಂಕಿ ಬಾಂಬಿನ ವಾಸನೆ ಹಿತ ಎನ್ನುವ ಅಧಿಕಾರಿಯೊಬ್ಬನಿದ್ದಾನೆ. ಬೆಳಿಗ್ಗೆ ಯಾವ ವಾಸನೆ ಬರಬೇಕು ಎಂದು ಅಲ್ಲಿನ ಯಾವುದಾದರೂ ಮನೆಯ ಹೆಂಗಸನ್ನು ಕೇಳಬಹುದಿತ್ತು. ಆದರೆ ಅವಳಿಗೆ ಈ ಸಿನಿಮಾಗಳಲ್ಲಿ ಮಾತೇ ಇರುವುದಿಲ್ಲ. ಓಡುವುದು, ಅಳುವುದು, ಅಷ್ಟೇ ಅವಳ ಪಾರ್ಟು.

"ಅದಿರಲಿ, ಏನೋ ದೊಡ್ಡ ಅರ್ಥ ಅಂದೆಯಲ್ಲ, ಅದೇನು?" ಎಂದು ಭಾವ ಕೇಳಿದರು. ಅಷ್ಟರಲ್ಲಿ ಟ್ಯಾಂಕು ಬಂತು. ಇಬ್ಬರೂ ಮರೆತೆವು.

ಇವಳ ತಂಗಿಯ ಮಗಳು ಹನೋಯಿಗೆ ಟೂರ್ ಹೋಗಿದ್ದವಳು ಒಂದು ಫಿನ್ ತಂದುಕೊಟ್ಟಿದ್ದಾಳೆ. ಈ ಭಾನುವಾರ ಅದನ್ನು ಟಿವಿ ಮುಂದೆಯೇ ಇಟ್ಟುಕೊಂಡು ಕೂತೆವು. ಲೋಟದ ತಳಕ್ಕೆ ಡಬ್ಬಿಯ ಗಟ್ಟಿಹಾಲು, ಮೇಲೆ ಫಿಲ್ಟರ್, ಪುಡಿ, ಬಿಸಿನೀರು. ತೊಟ್ಟು ತೊಟ್ಟಾಗಿ ಇಳಿಯಲು ಐದು ನಿಮಿಷ ಬೇಕು. ಅಷ್ಟರಲ್ಲಿ ಟಿವಿಯಲ್ಲಿ ಒಂದು ಊರು ಪೂರ್ತಿ ಉರಿದುಹೋಗಿತ್ತು.

"ಸಿಹಿ ಜಾಸ್ತಿ ಆಯ್ತು," ಎಂದಳು ಇವಳು. ಭಾವ ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು. ಅದೇ ಪುಡಿಗೆ ಎರಡನೇ ಸಲ ನೀರು ಹಾಕಿದೆ.