ವರ್ನಿಯರ್ ಹಿಡಿದು ಬಳೆ ತರಲು ಹೋದದ್ದು

ಪೀಣ್ಯದ ಟೂಲ್ ರೂಮಿನಲ್ಲಿ 18 ವರ್ಷದಿಂದ ವರ್ನಿಯರ್ (ಎರಡು ಜೊತೆ ದವಡೆಗಳಿಂದ ಒಳ-ಹೊರ ಅಳತೆ ಹಿಡಿಯೋ ಸಾಧನ) ಹಿಡಿದವನು ನಾನು. ಈಗಿನದು ಡಿಜಿಟಲ್, ಅದರಲ್ಲಿ ವರ್ನಿಯರ್ ಸ್ಕೇಲೇ ಇಲ್ಲ, ಆದರೂ ನಮ್ಮ ಬಾಯಲ್ಲಿ ಅದು ವರ್ನಿಯರ್ರೇ. ಮೊನ್ನೆ ಹೆಂಡತಿ, "ರೀ, ಬರ್ತಾ ಒಂದು ಡಜನ್ ಹಸಿರು ಬಳೆ ತನ್ನಿ. ಅಳತೆಗೆ ಈ ಹಳೇದು ತಗೊಂಡು ಹೋಗಿ" ಅಂದಳು.

ಗಾಜಿನ ಬಳೆ ಜೇಬಲ್ಲಿಟ್ಟುಕೊಂಡು ಬಸ್ ಹತ್ತೋದಾ? ಅಳತೆ ತಗೊಂಡರೆ ಸಾಕಲ್ವಾ!

ಶಾಸ್ತ್ರೋಕ್ತವಾಗಿಯೇ ಮಾಡಿದೆ. ದವಡೆ ಎರಡನ್ನೂ ಒರೆಸಿ, ಮುಚ್ಚಿ, ಜೀರೋ ಒತ್ತಿ, ಮೇಲಿನ ಪುಟ್ಟ ದವಡೆಗಳನ್ನು ಬಳೆಯೊಳಗೆ ಬಿಡಿಸಿ, ಆಚೀಚೆ ಆಡಿಸಿ ಅತಿ ಜಾಸ್ತಿ ಬಂದ ಅಂಕಿ ಹಿಡಿದೆ. ಮೂರು ಕಡೆ ಅಳೆದೆ: 57.12, 57.18, 57.15 ಮಿಲಿಮೀಟರ್. (ಗಾಜಿನ ಬಳೆ ಪೂರ್ತಿ ದುಂಡಗಿರಲ್ಲ, ಯಾರೂ ಗಮನಿಸಿರಲ್ಲ ಅಷ್ಟೇ.) ಸರಾಸರಿ 57.15. ಬಳೆ ಲೆಕ್ಕ ಇಂಚಿನಲ್ಲಿ ಅಂತ ಗೊತ್ತಿತ್ತು, 25.4ರಿಂದ ಭಾಗಿಸಿದೆ. 2.250.

ಅಂಗಡಿಯಲ್ಲಿ "ಎಷ್ಟರದು ಸಾರ್?" ಅಂದರು.

"ಎರಡು ಪಾಯಿಂಟ್ ಎರಡು ಐದು."

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಅದು ಬರಲ್ಲ ಸಾರ್. ಎರಡು ಎರಡು ಇದೆ, ಎರಡು ನಾಲ್ಕು ಇದೆ."

ಡಬ್ಬಿಗಳ ಮೇಲೂ 2.2, 2.4 ಅಂತಲೇ ಇತ್ತು. ನನ್ನ 2.25ಕ್ಕೆ ಹತ್ತಿರ ಯಾವುದು? 2.2 ತಾನೇ. "ಅದೇ ಕೊಡಿ, ಸ್ವಲ್ಪ ಅಡ್ಜಸ್ಟ್ ಆಗುತ್ತೆ" ಅಂದೆ. ಗಾಜಿನ ಬಳೆಗೆ!

ಮನೆಯಲ್ಲಿ ಸೋಪು ಆಯಿತು, ಕೊಬ್ಬರಿ ಎಣ್ಣೆ ಆಯಿತು, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿ ಜಾರಿಸಿದ್ದೂ ಆಯಿತು. ಹೆಬ್ಬೆರಳಿನ ಗೆಣ್ಣಿನ ಹತ್ತಿರ ಮೂರು ಬಳೆ ಒಂದಾದ ಮೇಲೊಂದು ಚಟ್ ಅಂದವು.

ಮಾರನೇ ದಿನ ಅವಳನ್ನೇ ಕರೆದುಕೊಂಡು ಹೋದೆ. ಅಂಗಡಿಯವರ ಹೆಂಡತಿ ಇವಳ ಅಂಗೈಯನ್ನು ಒಮ್ಮೆ ಅದುಮಿ, "ಎರಡು ನಾಲ್ಕು" ಅಂದರು, ಹನ್ನೆರಡೂ ಸರಸರ ಏರಿಸಿಬಿಟ್ಟರು. ಆಮೇಲೆ ಗೊತ್ತಾಯಿತು, ಆ ಚುಕ್ಕೆ ದಶಾಂಶದ್ದಲ್ಲವಂತೆ, ಅದರ ಮುಂದಿರೋದು ಇಂಚಿನ ಹದಿನಾರನೇ ಭಾಗಗಳು. 2.4 ಅಂದರೆ ಎರಡು ಇಂಚು, ಮೇಲೆ 4/16. ಎರಡೂಕಾಲು! ನಾನು ತಂದಿದ್ದ 2.2 ಮೂರು ಮಿಲಿಮೀಟರ್‌ಗಿಂತ ಜಾಸ್ತಿನೇ ಕಡಿಮೆ. ನಮ್ಮಲ್ಲಾದರೆ ಅಂಥ ಪೀಸು ನೇರ ಸ್ಕ್ರ್ಯಾಪಿಗೆ.

"ನೋಡಿದ್ಯಾ, ನನ್ನ ಅಳತೆ ಕರಾರುವಾಕ್ಕಾಗಿತ್ತು" ಅಂದೆ. ಅವಳು ಕೈ ಮೇಲಿನ ಗೀರು ತೋರಿಸಿದಳು.

ನಿನ್ನೆ ಕುಕ್ಕರ್ ಗ್ಯಾಸ್ಕೆಟ್ ತರೋದಿತ್ತು. ಬೆಳಿಗ್ಗೆ ಟಿಫನ್ ಬ್ಯಾಗು ಯಾಕೋ ದಪ್ಪ ಅನ್ನಿಸಿತು. ತೆಗೆದು ನೋಡಿದರೆ ಹಳೇ ಗ್ಯಾಸ್ಕೆಟ್ಟು, ಜೊತೆಗೆ ಮುಚ್ಚಳವೂ.