ಸತ್ಯಾಂಶ: ಬೀದಿ ವ್ಯಾಪಾರಿಗಳಿಗೆ 50 ಸಾವಿರ ಫ್ರೀ ಅಲ್ಲ, ಅದು ಸಾಲ

"ಬೀದಿ ವ್ಯಾಪಾರಿಗಳಿಗೆ ಮೋದಿ ಸರ್ಕಾರದಿಂದ 50 ಸಾವಿರ ಫ್ರೀ, ವಾಪಸ್ ಕಟ್ಟೋದು ಬೇಡ, ಲಿಂಕ್ ಒತ್ತಿ" ಅಂತ ಒಂದು ಮೆಸೇಜ್ ನಮ್ಮ ಕಾಸರಗೋಡಿನ ಗ್ರೂಪುಗಳಲ್ಲಿ ತಿರುಗ್ತಾ ಉಂಟು. ದಯವಿಟ್ಟು ಒತ್ತಬೇಡಿ.

ನಿಜವಾಗಿ ಇರೋದು ಪಿಎಂ ಸ್ವನಿಧಿ, 2020ರಲ್ಲಿ ಲಾಕ್‌ಡೌನ್ ಸಮಯಕ್ಕೆ ಶುರುವಾದ ಸಾಲ. ಅಡವು ಕೇಳೋದಿಲ್ಲ, ಆದ್ರೆ ಕಂತು ಕಟ್ಲೇಬೇಕು. ಮೊದಲು 10 ಸಾವಿರ ಇತ್ತು, 2025ರಲ್ಲಿ 15 ಮಾಡಿದ್ರು, ಅದು ತೀರಿಸಿದ್ರೆ 25, ಆಮೇಲೆ 50 ಸಾವಿರ. ಸರಿಯಾದ ಟೈಮಿಗೆ ಕಟ್ಟಿದವರಿಗೆ ಬಡ್ಡಿಯಲ್ಲಿ ವರ್ಷಕ್ಕೆ 7% ಸಬ್ಸಿಡಿ ಖಾತೆಗೇ ಬರ್ತದೆ, ಈ "ಫ್ರೀ" ಕಥೆ ಹುಟ್ಟಿದ್ದು ಬಹುಶಃ ಅಲ್ಲಿಂದ.

ಬಸ್‌ಸ್ಟ್ಯಾಂಡ್ ಹತ್ರ ಮಲ್ಲಿಗೆ ಮಾರುವ ಅಕ್ಕಂದಿರು ಬೆಳಿಗ್ಗೆ ಬಡ್ಡಿಯವರ ಹತ್ರ ಹಣ ತಗೊಂಡು ಸಂಜೆ ಬಡ್ಡಿ ಸೇರಿಸಿ ಕೊಡೋದುಂಟಲ್ಲ, ಅವರಿಗೆ ಈ ಸಾಲ ನಿಜಕ್ಕೂ ದೊಡ್ಡ ಆಸರೆ, ಸುಳ್ಳು ಮೆಸೇಜಿಂದ ಅದು ತಪ್ಪಿ ಹೋಗಬಾರದು. ವ್ಯಾಪಾರದ ಗುರುತುಚೀಟಿ ಇಲ್ಲದಿದ್ರೆ ನಗರಸಭೆಯಿಂದ ಶಿಫಾರಸು ಪತ್ರ ಕೇಳಬಹುದು, ಸುತ್ತಲಿನ ಹಳ್ಳಿಯಿಂದ ಬಂದು ಪೇಟೆಯಲ್ಲಿ ಮಾರುವವರೂ ಸಹ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡ್ಕೊಂಡು ನಗರಸಭೆ ಆಫೀಸಿಗೇ ಹೋಗಿ. ಓಟಿಪಿ ಯಾರಿಗೂ ಹೇಳ್ಬೇಡಿ.